ಹದಿನಾಲ್ಕನೆಯ ಸಾಲು

ದಹಿಸರ್
೨೩ ಫೆಬ್ರವರಿ ೨೦೨೫, ರವಿವಾರ

ಮಗಳು ವೈಶಾಲಿಗೆ ಅವ್ವನ ಆಶೀರ್ವಾದ.

ಮೊನ್ನೆ ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು. ನಮ್ಮ ಚಾಳಿನ ನಲ್ಲಿಯ ಮುಂದೆ ಎಲ್ಲರೂ ಪಾಳಿ ಹಚ್ಚಿದ್ದಾರೆ. ಯಾರ ಕೈಯಲ್ಲೂ ಕೊಡ ಇಲ್ಲ. ಅವರವರ ಮನೆಯ ಬಾಗಿಲನ್ನೇ ಕಿತ್ತು ತಲೆಯ ಮೇಲೆ ಹೊತ್ತು ನಿಂತಿದ್ದಾರೆ. ನಾನೂ ನಿಂತಿದ್ದೇನೆ. ನನ್ನ ತಲೆಯ ಮೇಲೆ ಬಾಗಿಲು ಇದೆಯೋ ಇಲ್ಲವೋ ಮುಟ್ಟಿ ನೋಡಬೇಕೆಂದರೆ ಕೈ ಏಳುತ್ತಿಲ್ಲ. ಅಷ್ಟರಲ್ಲಿ ಎಚ್ಚರವಾಯಿತು. ಬೆಳಗಿನ ಜಾವದ ಕನಸು ಖರೆ ಆಗುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಎದ್ದವಳೇ ಮೊದಲು ಹೋಗಿ ಬಾಗಿಲು ಮುಟ್ಟಿದೆ.

ಕನಸು ಸುಮ್ಮನೆ ಬಿದ್ದಿಲ್ಲ. ಹೋದ ರವಿವಾರ ಕಾಶಿನಾಥ ಮೀಟಿಂಗು ಕರೆದಿದ್ದ. ನೀನು ನರ್ಸಿಂಗ್ ಕಲಿಯಲು ಬೆಳಗಾವಿಗೆ ಹೋದ ಮೇಲೆ ಅವನೇ ಚಾಳಿನ ಕಮಿಟಿ ಸೆಕ್ರೆಟರಿ ಆಗಿದ್ದಾನೆ. ಬಿಲ್ಡರನ ಆಫೀಸಿನಿಂದ ಒಬ್ಬ ಸಾಹೇಬನೂ ಬಂದಿದ್ದ. ಚಾಳು ಕೆಡವಿ ಬಿಲ್ಡಿಂಗ್ ಕಟ್ಟುತ್ತಾರಂತೆ, ಕಟ್ಟಿ ಮುಗಿಯುವ ತನಕ ನಾವು ಎಲ್ಲೋ ದೂರದ ಕ್ಯಾಂಪಿಗೆ ಹೋಗಿ ಇರಬೇಕಂತೆ. ಹಿಂದಿಯಲ್ಲಿ ಚೆನ್ನಾಗಿಯೇ ಮಾತಾಡುತ್ತಿದ್ದವನು ನಾವು ಒಂದು ಪ್ರಶ್ನೆ ಕೇಳಿದ ಕೂಡಲೇ ಇಂಗ್ಲಿಷಿಗೆ ಹೊರಳಿದ. ನನಗೆ ತಿಳಿದದ್ದು ಅಲ್ಲಲ್ಲಿ ಎರಡೆರಡು ಶಬ್ದ. "ಯೂ ಲೇಡೀಸ್" ಎಂದ. "ಯೂ ಪೀಪಲ್" ಎಂದ. ಆಮೇಲೆ ಗೋಡೆಗೆ ಅಂಟಿಸಿದ ಒಂದು ಕಾಗದ ತೋರಿಸಿ "ವಿ ಟೆನೆಂಟ್ಸ್" ಎಂದು ಓದಿದ.

ಇಂಥ ಜೋಡಿ ಶಬ್ದಗಳ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ನಾನು ಕೆಲಸಕ್ಕೆ ಹೋಗುವ ಕಾಂದಿವಲಿಯ ಮುಚ್ಚಳ ಕಾರ್ಖಾನೆಯ ಸೂಪರ್‌ವೈಜರನನ್ನೇ ನೋಡು. ದೊಡ್ಡ ಸಾಹೇಬರು ಬಂದಾಗ ನಮ್ಮನ್ನು ತೋರಿಸಿ "ಮೈ ಗರ್ಲ್ಸ್" ಎನ್ನುತ್ತಾನೆ. ನನಗೆ ಐವತ್ತೊಂದು, ನನ್ನ ಪಕ್ಕದ ಚನ್ನವ್ವನಿಗೆ ಅರವತ್ತು ದಾಟಿದೆ. ಸಾಹೇಬರ ಕಾರು ಗೇಟು ದಾಟಿತೋ ಇಲ್ಲವೋ, "ಯೂ ಪೀಪಲ್" ಶುರು. ಅದರ ಬೆನ್ನಿಗೇ ಬೈಗುಳ. ಮಂದಿ ಅದೇ, ಮುಚ್ಚಳ ಅದೇ, "ಮೈ" ಹೋಗಿ "ಯೂ" ಬರುವುದರೊಳಗೆ ನಾವು ಅವನ ಮಂದಿ ಅಲ್ಲದಂತಾಗುತ್ತೇವೆ.

ನೀರು ತುಂಬುವ ನೆಪದಲ್ಲಿ ಗೋಡೆಯ ಹತ್ತಿರ ನಿಂತು ಆ ಕಾಗದದ ಮೊದಲ ಎರಡು ಸಾಲುಗಳನ್ನು ಒಂದೊಂದೇ ಅಕ್ಷರ ನೋಡಿ ಬರೆದುಕೊಂಡೆ. ಇದರ ಜೊತೆ ಇಟ್ಟಿದ್ದೇನೆ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ತಪ್ಪಿದ್ದರೆ ನಗಬೇಡ. ಆ "ವಿ" ಎಂದರೆ ಯಾರು ಯಾರು? ನನ್ನ ಪರವಾಗಿ ಆಡಿದವರು ಯಾರು? ರೂಮು ಇನ್ನೂ ನಿಮ್ಮಪ್ಪನ ಹೆಸರಿನಲ್ಲೇ ಇದೆ. ಅವರು ಹೋಗಿ ಮೂರು ವರ್ಷವಾಯಿತು, ಹೆಸರು ಬದಲಿಸುವ ಅರ್ಜಿ ಕಮಿಟಿಯವರ ಕಪಾಟಿನಲ್ಲಿ ಕೊಳೆಯುತ್ತಿದೆ. ನನ್ನ ಹೆಸರಿಗೆ ಆಗುವ ಮೊದಲೇ ರೂಮು ಬಿಟ್ಟು ಹೋದರೆ ನಾಳೆ ಬಿಲ್ಡಿಂಗಿನ ಕೀಲಿ ಕೊಡುವಾಗ ಯಾರನ್ನು ಕರೆಯುತ್ತಾರೆ? ಸತ್ತವರನ್ನೇ?

ಫೋಟೋ ತೆಗೆದು ಕಳಿಸು ಎನ್ನಬೇಡ. ಮೊಬೈಲಿನಿಂದ ಹೊರಬಿದ್ದ ಫೋಟೋ ಯಾರ ಕೈಗೆ ಹೋಗುತ್ತದೆಂದು ಯಾರು ಕಂಡಿದ್ದಾರೆ. ರವಿವಾರ ನಿನ್ನ ಹಾಸ್ಟೆಲಿನವರು ಫೋನು ಕೊಟ್ಟಾಗಲೂ ಈ ಸುದ್ದಿ ಎತ್ತಬೇಡ. ನಮಗೂ ಕಾಶಿನಾಥನ ಮನೆಗೂ ನಡುವೆ ಇರುವುದು ಒಂದು ತಗಡಿನ ಗೋಡೆ. ಊಟ ಆಯಿತಾ, ಏನು ಪಲ್ಯ, ಅಷ್ಟೇ ಮಾತಾಡೋಣ.

ನಿನ್ನ ಅವ್ವ,
ರುದ್ರವ್ವ

*

ಬೆಳಗಾವಿ
೨ ಮಾರ್ಚ್ ೨೦೨೫

ಅವ್ವಾ,

ನಗಲಿಲ್ಲ. ಒಂದೇ ಒಂದು ಅಕ್ಷರ ತಲೆಕೆಳಗಾಗಿದೆ, ಉಳಿದದ್ದೆಲ್ಲ ಸರಿಯಾಗಿದೆ. ಅದರ ಅರ್ಥ ಇಷ್ಟು: "ಬಾಡಿಗೆದಾರರಾದ ನಾವು ಸ್ವಂತ ಖುಷಿಯಿಂದ ನಮ್ಮ ರೂಮುಗಳನ್ನು ಮೇ ಮೂವತ್ತೊಂದರ ಒಳಗೆ ಖಾಲಿ ಮಾಡಲು ಒಪ್ಪಿದ್ದೇವೆ."

"ಯೂ ಲೇಡೀಸ್" ಬೈಗುಳವಲ್ಲ, ಹೆಂಗಸರೇ ಎಂದು ಕರೆದ ಹಾಗೆ. "ಯೂ ಪೀಪಲ್" ಮಾತ್ರ ಆಡುವವರ ದನಿಯ ಮೇಲೆ ಹೋಗುತ್ತದೆ. ನಿನ್ನ ಅನುಮಾನ ಪೂರ್ತಿ ಸುಳ್ಳಲ್ಲ ಬಿಡು. ನಮ್ಮ ವಾರ್ಡಿನಲ್ಲೂ ಇದೇ ಆಟ. ಪೇಷಂಟ್ ಗುಣವಾಗಿ ಎದ್ದು ಕೂತರೆ ಡಾಕ್ಟರ್ "ಮೈ ಪೇಷಂಟ್" ಎನ್ನುತ್ತಾರೆ. ಅದೇ ಪೇಷಂಟ್ ರಾತ್ರಿ ಮಂಚದಿಂದ ಬಿದ್ದರೆ ಬೆಳಿಗ್ಗೆ ಅವನು ನಮಗೆ "ಯುವರ್ ಪೇಷಂಟ್". ಸಿಸ್ಟರ್ ಸಿಟ್ಟಿನಲ್ಲಿದ್ದರೆ "ಯೂ ಗರ್ಲ್ಸ್", ಇನ್‌ಸ್ಪೆಕ್ಷನ್ ದಿನ "ವಿ ನರ್ಸಸ್". ಆ ಒಂದು ದಿನ ಮಾತ್ರ ನಾವೂ ನರ್ಸುಗಳು.

"ವಿ" ಒಳಗೆ ಯಾರಿದ್ದಾರೆ ಎಂದು ಆ ಶಬ್ದವನ್ನು ನೋಡಿ ತಿಳಿಯುವುದಿಲ್ಲ. ಕಾಗದದ ಕೆಳಗೆ ಯಾರ ಸಹಿ ಇದೆಯೋ ಅವರು. ನೀನು ಸಹಿ ಮಾಡಿಲ್ಲ ತಾನೇ? ಹಾಗಾದರೆ ಅದರೊಳಗೆ ನೀನಿಲ್ಲ. ಆದರೂ ಸಹಿ ಇರುವ ಹಾಳೆ ತೋರಿಸು ಎಂದು ಕೇಳು. ಒಬ್ಬಳೇ ಹೋಗಬೇಡ, ಮಹಾದೇವಿ ಮಾವಶಿಯನ್ನು ಕರೆದುಕೊಂಡು ಹೋಗು. ಎರಡು ಮನೆ ಆಚೆ ಇದ್ದಾಳೆ, ಕರೆದರೆ ಸೌಟು ಹಿಡಿದೇ ಬರುತ್ತಾಳೆ.

ಊಟ ಬಿಡಬೇಡ.

ನಿನ್ನ ಮಗಳು,
ವೈಶಾಲಿ

*

ದಹಿಸರ್
೧೦ ಮಾರ್ಚ್ ೨೦೨೫

ವೈಶಾಲಿಗೆ,

ಒಬ್ಬಳೇ ಹೋದೆ. ಮಹಾದೇವಿ ಜೊತೆಗಿದ್ದರೆ ಅವಳೇ ಮಾತಾಡುತ್ತಾಳೆ, ಎದುರಿನವರ ಮುಖ ನೋಡುವುದಕ್ಕೆ ನನಗೆ ಪುರುಸೊತ್ತು ಸಿಗುವುದಿಲ್ಲ.

ಕಾಶಿನಾಥ ಕುರ್ಚಿ ಹಾಕಿಸಿದ. ಅವನು ನನಗೆ ಕುರ್ಚಿ ಹಾಕಿಸಿದ್ದು ಇದೇ ಮೊದಲು. ಅಲ್ಲಿಂದಲೇ ನನಗೆ ಅನುಮಾನ ಶುರುವಾಯಿತು.

"ಹಾಳಿ ಯಾಕ ಬೇಕ್ರಿ ರುದ್ರಕ್ಕಾ? ನಿಮ್ಮ ಸಹಿನೂ ಐತಲ್ಲ ಅದರಾಗ!" ಎಂದ.

"ನಂದಾ? ನಾ ಯಾವಾಗ ಮಾಡೇನೋ ತಮ್ಮಾ?"

"ಅಯ್ಯ, ಮರವು ಬಾಳ ಆತು ನಿಮಗ. ಜನವರಿ ಇಪ್ಪತ್ತಾರಕ್ಕ. ಮನಿಗೊಂದರಂಗ ಎಲ್ಲಾ ಹೆಣ್ಮಕ್ಕಳು ಮಾಡ್ಯಾರ."

"ತೋರಸು ಹಂಗಾರ."

"ಅಸಲು ಆಫೀಸಿನಾಗ ಐತಿ. ಝೆರಾಕ್ಸ್ ಕೊಡ್ತೀನಿ, ತಗೊಂಡ ಹೋಗ್ರಿ. ನಮ್ಮಲ್ಲೇನು ಮುಚ್ಚುಮರಿ?"

ಅವನ ಸೊಸೆ ಶೀತಲ್ ಚಹಾ ತಂದಳು. ಮರಾಠಿ ಹುಡುಗಿ, ನಮ್ಮ ಮಾತನ್ನು ಎಡವಿ ಎಡವಿ ಆಡುತ್ತಾಳೆ. "ತಗೋ ಮಾವಶಿ, ಸಕ್ರಿ ಕಮ್ಮಿ ಹಾಕೀನಿ" ಎಂದಳು. ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಅವಳಿಗೆ ಹೇಳಿದವರು ಯಾರು? ಕುಡಿಯಲಿಲ್ಲ.

ಝೆರಾಕ್ಸನ್ನು ಇದರೊಳಗೆ ಇಟ್ಟಿದ್ದೇನೆ. ನನ್ನ ಹತ್ತಿರ ಇರುವುದು ಇದೊಂದೇ, ಕಳೆಯಬೇಡ. ಹತ್ತೊಂಬತ್ತು ಹೆಸರಿವೆ. ಹದಿನಾಲ್ಕನೆಯದು ನನ್ನದು. ನನ್ನ ಹೆಸರು, ಅದರ ಮುಂದೆ ನಿಮ್ಮಪ್ಪನ ಹೆಸರು. ನೋಡಿದರೆ ನನ್ನ ಅಕ್ಷರದ ಹಾಗೆಯೇ ಇದೆ.

ಮೂರು ದಿನದಿಂದ ನನ್ನ ಕೈಯನ್ನೇ ನಂಬಲು ಆಗುತ್ತಿಲ್ಲ. ನಿಮ್ಮಪ್ಪ ಹೋದ ಮೇಲೆ ಒಲೆ ಹಚ್ಚಿ ಮರೆತದ್ದುಂಟು, ಲೋಕಲ್ ಹತ್ತಿ ಕಾಂದಿವಲಿ ಬಿಟ್ಟು ಗೋರೆಗಾಂವ್ ತನಕ ಹೋದದ್ದುಂಟು. ಹಾಗೆ ಇದನ್ನೂ ಮಾಡಿ ಮರೆತುಬಿಟ್ಟೆನೇ? ಆದರೆ ಆ ದಿನ ನನಗೆ ಚೆನ್ನಾಗಿ ನೆನಪಿದೆ. ಎಲ್ಲೂ ಹೋಗಿಲ್ಲ. ಸಂಜೆ ಬಾಗಿಲು ಹಾಕಿಕೊಂಡು, ಬೆಳಿಗ್ಗೆ ನೋಡಿದ ಪರೇಡನ್ನೇ ಟಿವಿಯಲ್ಲಿ ಎರಡನೆಯ ಸಲ ನೋಡುತ್ತ ಕೂತಿದ್ದೆ. ಹೊರಗೆ ಇಡೀ ಚಾಳು ಗಲಗಲ ಎನ್ನುತ್ತಿತ್ತು. ಬಾಗಿಲು ಯಾಕೆ ಹಾಕಿಕೊಂಡಿದ್ದೆ ಎಂದು ಕೇಳಬೇಡ.

ರುದ್ರವ್ವ

*

ಬೆಳಗಾವಿ
೧೭ ಮಾರ್ಚ್ ೨೦೨೫

ಅವ್ವಾ,

ನಿನ್ನ ಕೈ ಸರಿಯಾಗಿಯೇ ಇದೆ. ಅದು ನಿನ್ನ ಬರಹ ಅಲ್ಲ. ನೀನು "ವ್ವ" ಬರೆದಾಗ ಕೊನೆಯ ಬಾಲವನ್ನು ಕೆಳಗೆ ಎಳೆಯುತ್ತೀ. ನಿನ್ನ ಎಲ್ಲ ಪತ್ರ ಹರವಿ ನೋಡಿದೆ. ಇಲ್ಲಿ ಅದು ಬೆಕ್ಕಿನ ಬಾಲದ ಹಾಗೆ ಮೇಲಕ್ಕೆ ಎದ್ದಿದೆ. ಈ ಬಾಲವನ್ನು ಎಲ್ಲೋ ನೋಡಿದ ನೆನಪು ನನಗೆ. ಗಟ್ಟಿಯಾಗುವ ತನಕ ಹೇಳಲಾರೆ.

ಇನ್ನೊಂದು. ಇವು ಎರಡು ಹಾಳೆ. "ವಿ ಟೆನೆಂಟ್ಸ್" ಎಂದು ಟೈಪ್ ಮಾಡಿದ್ದು ಒಂದು, ಹೆಸರುಗಳು ಇರುವುದು ಇನ್ನೊಂದು, ಎರಡಕ್ಕೂ ಸೇರಿಸಿ ಪಿನ್ನು ಹೊಡೆದಿದ್ದಾರೆ. ಹೆಸರಿನ ಹಾಳೆಯ ಮೇಲೆ ರೂಮಿನ ಮಾತೇ ಇಲ್ಲ. ಬರೀ ತಾರೀಖು.

ಮತ್ತೆ, ಹೆಸರುಗಳ ಪಕ್ಕದಲ್ಲಿ ಕಪ್ಪು ಕಪ್ಪು ಕಲೆಗಳಿವೆ, ಕಂಡೆಯಾ? ಮೊದಲು ಮಷೀನಿನ ಮಸಿ ಎಂದುಕೊಂಡೆ. ಅಲ್ಲ. ಬೆರಳಿನ ತುದಿಯಷ್ಟೇ ದೊಡ್ಡವು, ಒಂದೆರಡರಲ್ಲಿ ಬೆರಳಿನ ಗೆರೆಯೂ ಇದೆ. ಕೆಂಪು ಬಣ್ಣ ಝೆರಾಕ್ಸಿನಲ್ಲಿ ಕಪ್ಪಗೆ ಬೀಳುತ್ತದೆ. ಅವ್ವಾ, ಇದು ಕುಂಕುಮ. ಅಷ್ಟೊಂದು ಹೆಂಗಸರು ಜನವರಿಯಲ್ಲಿ, ಒಂದೇ ದಿನ, ಕುಂಕುಮದ ಕೈಯಲ್ಲಿ ಎಲ್ಲಿ ಹೆಸರು ಬರೆಯುತ್ತಾರೆ?

ಬಾಗಿಲು ಯಾಕೆ ಹಾಕಿಕೊಂಡಿದ್ದೆ ಎಂದು ನಾನು ಕೇಳುವುದಿಲ್ಲ. ನನಗೆ ತಿಳಿಯಿತು.

ವೈಶಾಲಿ

*

ದಹಿಸರ್
೨೪ ಮಾರ್ಚ್ ೨೦೨೫

ವೈಶಾಲಿಗೆ,

ನಿನ್ನ ಪತ್ರ ಓದಿ ನಲ್ಲಿಯ ಹತ್ತಿರ ಹೋಗಿ ಮೂರು ಮನೆಯವರನ್ನು ಸುತ್ತಿಬಳಸಿ ಕೇಳಿದೆ. ಹೌದು. ಅದು ಶೀತಲ್ ಮಾಡಿದ ಸಂಕ್ರಮಣದ ಅರಿಶಿನ ಕುಂಕುಮ. ಬಂದವರಿಗೆಲ್ಲ ವಾಣ ಎಂದು ಒಂದೊಂದು ಸ್ಟೀಲಿನ ಬಟ್ಟಲು ಕೊಟ್ಟಳಂತೆ. ಕೊಡುವ ಮೊದಲು "ಯಾರೂ ಎರಡು ಸಲ ಬರಬಾರದು" ಎಂದು ಒಂದು ಹಾಳೆಯಲ್ಲಿ ಹೆಸರು ಬರೆಸಿಕೊಂಡಳಂತೆ. ಬಟ್ಟಲಿನ ಆಸೆಗೆ ಯಾವಳೂ ಯಾಕೆ ಎಂದು ಕೇಳಿಲ್ಲ. ಆ ಹಾಳೆಯ ಬೆನ್ನಿಗೆ ಮಾವ ಇನ್ನೊಂದು ಹಾಳೆ ಪಿನ್ನು ಹೊಡೆದ. ಹಣೆಗೆ ಕುಂಕುಮ ಇಡಿಸಿಕೊಂಡು ಬಂದವರೆಲ್ಲ "ವಿ ಟೆನೆಂಟ್ಸ್" ಆದರು.

ನನ್ನನ್ನು ಯಾರೂ ಕರೆದಿರಲಿಲ್ಲ. ಗಂಡ ಸತ್ತವಳನ್ನು ಅರಿಶಿನ ಕುಂಕುಮಕ್ಕೆ ಯಾರು ಕರೆಯುತ್ತಾರೆ? ಮೂರು ವರ್ಷದಿಂದ ಜನವರಿ ಬಂದರೆ ನಾನೇ ಬಾಗಿಲು ಹಾಕಿಕೊಳ್ಳುತ್ತೇನೆ, ಕರೆಯದೆ ದಾಟಿ ಹೋಗುವವರಿಗೆ ಸಂಕೋಚ ಆಗದಿರಲಿ ಎಂದು. ಹಾಗಿದ್ದ ಮೇಲೆ ನನ್ನ ಹೆಸರು ಅಲ್ಲಿಗೆ ಹೇಗೆ ಹೋಯಿತು?

ಈಗ ಕೇಳು. ಜನವರಿ ಇಪ್ಪತ್ತೇಳಕ್ಕೆ ಮಹಾದೇವಿ ನನಗೊಂದು ಸ್ಟೀಲಿನ ಬಟ್ಟಲು ತಂದುಕೊಟ್ಟಳು. "ನಮ್ಮ ಮನ್ಯಾಗ ಹೆಚ್ಚಾಗ್ಯಾವ, ಇಟ್ಕೋ" ಎಂದಳು. ಮಹಾದೇವಿಯ ಮನೆಯಲ್ಲಿ ಯಾವ ಕಾಲಕ್ಕೆ ಏನು ಹೆಚ್ಚಾಗಿದೆ? ನಾನು ಆಗಲೇ ಕೇಳಬೇಕಿತ್ತು. ಎರಡು ತಿಂಗಳಿಂದ ಆ ಬಟ್ಟಲಿನಲ್ಲೇ ಮೊಸರು ಉಣ್ಣುತ್ತಿದ್ದೇನೆ.

ಬಾಲದ ನೆನಪು ನಿನಗೆ ಬರದಿದ್ದರೂ ನನಗೆ ಬಂತು. ನಾನು ಮೊದಲ ಪಾಳಿಗೆ ಹೋದ ದಿನಗಳಲ್ಲಿ ನಿನ್ನ ಶಾಲೆಯ ಡೈರಿಯಲ್ಲಿ ನನ್ನ ಹೆಸರು ಬರೆದು ಕಳಿಸುತ್ತಿದ್ದವಳು ಯಾರು? ನಿನಗೆ ಗೊತ್ತಿತ್ತು. ಗೊತ್ತಿದ್ದೂ ಹೆಸರು ಬಿಟ್ಟು ಬರೆದೆ. ನನ್ನಿಂದ ಮುಚ್ಚಿಡುವುದನ್ನು ನೀನು ಎಲ್ಲಿ ಕಲಿತೆ?

ಇಪ್ಪತ್ತೆರಡು ವರ್ಷದ ಗೆಳೆತನ. ಕಾಶಿನಾಥ ಅವಳಿಗೆ ಏನು ಆಸೆ ತೋರಿಸಿದನೋ! ಈಗ ಅವಳು ನೀರಿಗೆ ಬರುವ ಹೊತ್ತು ಬಿಟ್ಟು ನಾನು ಬೇರೆ ಹೊತ್ತಿಗೆ ಹೋಗುತ್ತಿದ್ದೇನೆ.

ಅವ್ವ

*

ಬೆಳಗಾವಿ
೩೧ ಮಾರ್ಚ್ ೨೦೨೫

ಅವ್ವಾ,

ಗೊತ್ತಿತ್ತು. ನೀನು ಹೀಗೆ ಮಾಡುತ್ತೀ ಎಂಬುದೂ ಗೊತ್ತಿತ್ತು, ಅದಕ್ಕೇ ಬರೆಯಲಿಲ್ಲ. ನನಗೆ ಜ್ವರ ಬಂದಾಗ ನೀನು ಬರುವ ತನಕ ತೊಡೆಯ ಮೇಲೆ ಮಲಗಿಸಿಕೊಂಡವಳು ಅವಳು. ಒಂದು ಸಲ, ಒಂದೇ ಸಲ, ಅನುಮಾನ ಪಡುವ ಮುಂಚೆ ಅವಳನ್ನು ಕೇಳು. ಬಾಯಿ ಬರದಿದ್ದರೆ ಬರೆದು ಕೇಳು.

ವೈಶಾಲಿ

*

ರೂಮ್ ನಂಬರ್ ಆರು
೬ ಏಪ್ರಿಲ್ ೨೦೨೫

ಮಹಾದೇವಿಗೆ,

ಎರಡು ಬಾಗಿಲು ಆಚೆ ಇದ್ದವಳಿಗೆ ಪತ್ರ ಬರೆಯುವ ಕಾಲ ಬಂತು. ಬಾಗಿಲ ಸಂದಿಯಲ್ಲಿ ಹಾಕುತ್ತಿದ್ದೇನೆ, ಬೇರೆಯವರ ಕೈಗೆ ಸಿಗದಿರಲಿ.

ಶೀತಲ್‌ನ ಹಾಳೆಯಲ್ಲಿ ನನ್ನ ಹೆಸರು ಬರೆದವಳು ನೀನೋ ಅಲ್ಲವೋ? ಬರೆದಿದ್ದರೆ ಯಾರ ಮಾತು ಕೇಳಿ ಬರೆದೆ? ನನ್ನ ರೂಮು ಹೋದರೆ ನಿನಗೇನು ಸಿಗುತ್ತದೆ? ಬಟ್ಟಲು ತೊಳೆದು ಇಟ್ಟಿದ್ದೇನೆ. ಬಂದು ಒಯ್ಯಿ.

ರುದ್ರವ್ವ

*

ರೂಮ್ ನಂಬರ್ ಎಂಟು
೭ ಏಪ್ರಿಲ್ ೨೦೨೫

ರುದ್ರೀ,

ಬರೆದವಳು ನಾನೇ. ಯಾರ ಮಾತೂ ಕೇಳಿಲ್ಲ, ಕೇಳುವ ಜಾಯಮಾನ ನನ್ನದಲ್ಲ ಎಂದು ನಿನಗೆ ಗೊತ್ತು.

ಶೀತಲ್ ನಲ್ಲಿಯ ಹತ್ತಿರ ನೋಟೀಸು ಅಂಟಿಸಿದ್ದಳು. "ಆಲ್ ಯೂ ಲೇಡೀಸ್" ಬರ್ರಿ ಎಂದು. ನಾನು ಅವಳನ್ನು ಕೇಳಿದೆ: "ಆಲ್ ಅಂದ್ರ ಎಲ್ಲಾರೂ ಅಲ್ಲೇನ? ರುದ್ರಿನೂ ಬಂದಳಲ್ಲ ಅದರಾಗ?" ಅವಳು ಹಲ್ಲು ಕಿಸಿದು "ವೋ ಕೈಸೇ, ಮಾವಶಿ?" ಎಂದಳು, ಅವಳು ಹೇಗೆ ಬಂದಾಳು ಎಂಬ ಹಾಗೆ. ನನಗೆ ತಡೆಯಲಾಗದ ಸಿಟ್ಟು ಬಂತು. ನೀನೇನು ಗಂಡಸೇ? ಹಾಳೆ ನನ್ನ ಕೈಗೆ ಬಂದಾಗ ಹದಿಮೂರನೆಯ ಸಾಲಿಗೆ ನನ್ನ ಹೆಸರು ಬರೆದೆ, ಹದಿನಾಲ್ಕನೆಯದಕ್ಕೆ ನಿನ್ನದು. ನನ್ನ ಪಕ್ಕ ಬಿಟ್ಟು ನಿನ್ನನ್ನು ಮತ್ತೆಲ್ಲಿ ಕೂರಿಸಲಿ? ಗದ್ದಲದಲ್ಲಿ ಯಾರೂ ನೋಡಲಿಲ್ಲ, ಎರಡು ಬಟ್ಟಲು ಎತ್ತಿಕೊಂಡು ಬಂದೆ. ನಿಜ ಹೇಳಿದ್ದರೆ ನೀನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಪಂಚಾಯ್ತಿ ಕೂಡಿಸುತ್ತಿದ್ದೆ.

ಹಾಳೆಯ ಮೇಲೆ ಆಗ ತಾರೀಖು ಬಿಟ್ಟು ಏನೂ ಇರಲಿಲ್ಲ, ನನ್ನ ಮಕ್ಕಳಾಣೆ. ನಿನ್ನನ್ನು ಸೇರಿಸಲು ಹೋಗಿ ಹೂತುಹಾಕಿದೆನೇ ಎಂದು ನಿನ್ನೆಯಿಂದ ಒಲೆ ಹಚ್ಚಿಲ್ಲ. ಇಪ್ಪತ್ತೇಳಕ್ಕೆ ಮೀಟಿಂಗು ಇದೆ. ಎದ್ದು ನಿಂತು ನಾನೇ ಹೇಳುತ್ತೇನೆ. ಖೊಟ್ಟಿ ಸಹಿ ಮಾಡಿದವಳು ಎಂದರೆ ಎನ್ನಲಿ, ಬಟ್ಟಲ ಕಳ್ಳಿ ಎಂದರೂ ಎನ್ನಲಿ.

ಬಟ್ಟಲು ಒಯ್ಯಲು ಬರುವುದಿಲ್ಲ. ಅದು ನಿನ್ನದು.

ಮಹಾದೇವಿ

*

ದಹಿಸರ್
೨೮ ಏಪ್ರಿಲ್ ೨೦೨೫

ವೈಶಾಲಿಗೆ ಅವ್ವನ ಆಶೀರ್ವಾದ.

ಮಹಾದೇವಿಯ ಪತ್ರ ಬಂದ ದಿನವೇ ಅವಳ ಮನೆಗೆ ಹೋದೆ. ಅವಳು ರೊಟ್ಟಿ ಬಡಿದಳು, ನಾನು ಬೇಯಿಸಿದೆ. ಅಷ್ಟು ಸಾಕಾಯಿತು.

ನಿನ್ನೆ ಮೀಟಿಂಗು ಆಯಿತು. ಆಫೀಸಿನ ಸಾಹೇಬ ಅಸಲು ಹಾಳೆಗಳನ್ನು ಪ್ಲಾಸ್ಟಿಕ್ ಫೈಲಿನಲ್ಲಿ ತಂದಿದ್ದ. ಮಹಾದೇವಿ ಎದ್ದಳು. "ಹದಿನಾಲ್ಕನೇ ಸಹಿ ನನ್ನ ಕೈಲೆ ಆಗೇತಿ. ರುದ್ರವ್ವ ಬಂದಿಲ್ಲ, ಬರದಿಲ್ಲ" ಎಂದಳು.

ಕಾಶಿನಾಥ ನಕ್ಕ. "ಮಹಾದೇವಕ್ಕಾ, ಗೆಳತಿ ಸಲುವಾಗಿ ಸುಳ್ಳ ಹೇಳಬ್ಯಾಡ್ರಿ. ಅವತ್ತ ನಮ್ಮ ಮನಿಗೆ ಎಲ್ಲಾರ್ನೂ ಕರದಿದ್ದಿವಿ. ರುದ್ರಕ್ಕನ್ನೂ ಕರದಿದ್ದಿವಿ. ಹೌದಲ್ಲೇನವಾ ಶೀತಲ್?"

ತನ್ನ ಬಾಯಿಂದಲೇ ಸಿಕ್ಕಿಬಿದ್ದ. ಹಿಂದೆ ಕೂತ ಹೆಂಗಸರಲ್ಲಿ ಗುಜುಗುಜು ಎದ್ದಿತು. "ನಿಮ್ಮ ಮನಿಗಾ? ಹಂಗಾರ ಇದು ಬಟ್ಟಲದ ಹಾಳಿ!" ಎಂದು ಯಾರೋ ಕೂಗಿದರು. "ಬಟ್ಟಲ ಕೊಟ್ಟು ಮನಿ ಕಸಗೊಂತಿ ಏನೋ ಭಾಡ್ಯಾ!" ಎಂದು ಇನ್ನೊಬ್ಬಳು.

ಆದರೆ ಕಾಶಿನಾಥ ಗಟ್ಟಿ ಮನುಷ್ಯ. ಎಲ್ಲಿ ಬರೆದರೂ ಸಹಿ ಸಹಿಯೇ, ರುದ್ರಕ್ಕ ಬಂದಿದ್ದಳು, ಎಂದು ಅದನ್ನೇ ಹಿಡಿದು ಕೂತ. ಆಗ ನಾನು ಎದ್ದೆ, ವೈಶಾಲಿ. ಯಾಕೆ ಎದ್ದೆನೋ ಗೊತ್ತಿಲ್ಲ. ಶೀತಲ್‌ನ ಮುಂದೆ ಹೋಗಿ ನಿಂತೆ.

"ಕರದಿದ್ದಿ ಅಂದ್ರ ಕುಂಕುಮ ಹಚ್ಚಿದ್ದಿ ಅಂದಂಗಾತು. ಈಗೊಮ್ಮೆ ಹಚ್ಚವಾ, ಎಲ್ಲಾರೂ ನೋಡ್ಲಿ" ಎಂದೆ. ಅಲ್ಲೇ ಕಮಿಟಿಯವರು ಗಣಪತಿ ಫೋಟೋದ ಮುಂದೆ ಕುಂಕುಮದ ಭರಣಿ ಇಟ್ಟಿರುತ್ತಾರಲ್ಲ, ಅದನ್ನು ತಂದು ಅವಳ ಮುಂದೆ ಹಿಡಿದೆ.

ಶೀತಲ್ ಮಾವನನ್ನು ನೋಡಿದಳು. ಭರಣಿಯಲ್ಲಿ ಬೆರಳು ಅದ್ದಿದಳು. ನನ್ನ ಹಣೆಯ ವಿಭೂತಿಯ ತನಕ ಬಂದ ಕೈ ಅಲ್ಲೇ ನಿಂತುಬಿಟ್ಟಿತು. ನಾನು ಭರಣಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಯಾವುದಕ್ಕೆ ಎಂದು ಕೇಳಿದರೆ ಹೇಳಲಾರೆ. ಹಚ್ಚಿಬಿಟ್ಟರೆ ರೂಮು ಹೋಗುತ್ತದೆ ಎಂಬ ಭಯವೋ, ಹಚ್ಚುವುದಿಲ್ಲ ಎಂಬುದು ಗೊತ್ತಿದ್ದ ಸಂಕಟವೋ. ಕಡೆಗೆ ಅವಳು ಕೈ ಇಳಿಸಿ, ಸೆರಗಿಗೆ ಬೆರಳು ಒರೆಸಿಕೊಂಡು, "ಬುಲಾಯಾ ನಹೀಂ ಥಾ" ಎಂದಳು. ಕರೆದಿರಲಿಲ್ಲ ಎಂದು. ಆಮೇಲೆ ಅತ್ತಳು.

ಸಾಹೇಬ "ಯೂ ಪೀಪಲ್" ಎಂದು ಬಾಯಿ ತೆರೆದ. ಮಹಾದೇವಿ ಅಷ್ಟಕ್ಕೇ ತಡೆದಳು: "ಯೂ ಗೀಯೂ ಬ್ಯಾಡೋ ಯಪ್ಪಾ. ಒಬ್ಬೊಬ್ಬರ ಹೆಸರ ಹಿಡದ ಕರಿ, ಒಬ್ಬೊಬ್ಬರೇ ಹೇಳ್ತೀವಿ." ಅವನಿಗೆ ಕನ್ನಡ ತಿಳಿಯಲಿಲ್ಲ, ಶೀತಲ್ ಹಿಂದಿಯಲ್ಲಿ ಒಪ್ಪಿಕೊಂಡದ್ದು ಮಾತ್ರ ತಿಳಿದಿತ್ತು, ಕೂತ. ಖೊಟ್ಟಿ ಸಹಿ ತನ್ನ ಕೊರಳಿಗೆ ಬಂದೀತೆಂದು ಹಾಳೆಗಳನ್ನು ಎಲ್ಲರ ಮುಂದೆ ಹರಿದು ತನ್ನ ಚೀಲಕ್ಕೆ ತುರುಕಿದ. ನಮ್ಮ ನಮ್ಮ ಭಾಷೆಯಲ್ಲಿ ಓದಿ ಹೇಳುವ ತನಕ ಹೊಸ ಸಹಿ ಇಲ್ಲ, ಹೆಸರು ಬದಲಿಸುವ ಅರ್ಜಿಗಳು ಮುಗಿಯುವ ತನಕ ಯಾರೂ ರೂಮು ಬಿಡುವುದಿಲ್ಲ ಎಂದು ಬರೆದುಕೊಟ್ಟಿದ್ದಾನೆ. ಅದರ ಝೆರಾಕ್ಸ್ ಕಳಿಸುತ್ತಿದ್ದೇನೆ. ಓದು. ಅದರಲ್ಲೂ ಎಲ್ಲೋ ಒಂದು "ವಿ" ಇದೆ, ನಾನು ನೋಡಿದೆ. ಈ ಸಲ ಕೆಳಗೆ ನನ್ನ ಕೈಯಿಂದಲೇ ಹೆಸರು ಬರೆದಿದ್ದೇನೆ, ಬಾಲ ಕೆಳಗಿದೆ.

ನಿಮ್ಮಪ್ಪನ ಹೆಸರು ತೆಗೆದು ನನ್ನದು ಹಾಕುವ ಕಾಗದ ನಾಳೆ ಕೊಡುತ್ತೇನೆ ಎಂದಿದ್ದಾನೆ ಕಾಶಿನಾಥ. ಕೊಡುವ ತನಕ ನಂಬುವುದಿಲ್ಲ. ಕೊಟ್ಟರೂ ನಿನಗೆ ಕಳಿಸಿ ಓದಿಸುತ್ತೇನೆ.

ಬಟ್ಟಲಿನಲ್ಲಿ ಮತ್ತೆ ಮೊಸರು ಉಣ್ಣುತ್ತಿದ್ದೇನೆ.

ಒಂದು ಕೆಲಸ ಉಳಿದಿದೆ. ಹಳೆಯ ಝೆರಾಕ್ಸ್ ನಿನ್ನ ಹತ್ತಿರವೇ ಇದೆಯಲ್ಲ. ಅಸಲು ಹರಿದು ಹೋಯಿತು, ನಾನು ಇಣುಕುವ ಮೊದಲೇ. ಹೆಸರುಗಳ ಪಕ್ಕದಲ್ಲಿ ಕುಂಕುಮದ ಕಲೆಗಳಿವೆ ಎಂದು ನೀನು ಬರೆದಿದ್ದೆ. ಹತ್ತೊಂಬತ್ತೂ ಹೆಸರುಗಳ ಪಕ್ಕವೋ, ಹದಿನೆಂಟೇ ಹೆಸರುಗಳ ಪಕ್ಕವೋ ಬರೆದಿರಲಿಲ್ಲ. ನನ್ನ ಹೆಸರು ಬರೆಯುವಾಗ ಕೈಗೆ ಕುಂಕುಮ ಇತ್ತೇ ಎಂದು ಮಹಾದೇವಿಯನ್ನು ಕೇಳಿದರೆ "ಯಾರಿಗೆ ನೆನಪೈತೇ ಹುಚ್ಚಿ" ಎನ್ನುತ್ತಾಳೆ. ನನ್ನ ಕಣ್ಣಿಗೆ ಆಗ ಅದೆಲ್ಲ ಬರೀ ಮಸಿಯ ಹಾಗೆ ಕಂಡಿತ್ತು. ಬಿಡುವಾದಾಗ ಬೆಳಕಿಗೆ ಹಿಡಿದು ಹದಿನಾಲ್ಕನೆಯ ಸಾಲನ್ನು ಇನ್ನೊಂದು ಸಲ ನೋಡು. ನನ್ನ ಹೆಸರಿನ ಪಕ್ಕದಲ್ಲೂ ಆ ಕಲೆ ಇದೆಯೇ?

ನಿನ್ನ ಅವ್ವ,
ರುದ್ರವ್ವ